ಅಪ್ಪನ ಮೂತ್ರದಲ್ಲಿ ರಕ್ತ ಬಂದು ತಾನಾಗಿ ನಿಂತಿದೆ, ಕಿಡ್ನಿ ಕ್ಯಾನ್ಸರಿನ ಎಷ್ಟು ಲಕ್ಷಣ ಕಂಡರೆ ಡಾಕ್ಟರ ಹತ್ತಿರ ಹೋಗಬೇಕು?

ಅಪ್ಪನಿಗೆ 58, ಎರಡು ದಿನ ಕೆಂಪಗೆ ಹೋಗಿ ನಿಂತಿತು, ನೋವಿಲ್ಲ, ಸ್ಕ್ಯಾನಿಂಗ್‌ನಲ್ಲಿ ಸಣ್ಣ ಕಲ್ಲು ಅಂದರು ಎಂದು ಬರೆದಿದ್ದೀರಿ. ಓದುತ್ತಿದ್ದ ಹಾಗೇ ಕೈ ತಣ್ಣಗಾಯಿತು. 2017ರ ಮಾರ್ಚಿನಲ್ಲಿ ನನಗೆ ಆಗಿದ್ದು ಅಕ್ಷರಶಃ ಇದೇ. ಆಗ ನನಗೆ 52.

ನಾನು ತಿಪಟೂರಿನ ಕಡೆಯವನು, ಕೊಬ್ಬರಿ ವ್ಯಾಪಾರ. ಬೇಸಿಗೆಯ ದಿನ. ಬೆಳಗಿನಿಂದ ಸಂಜೆವರೆಗೆ ಲಾರಿ ಲೋಡು ಮಾಡಿಸುತ್ತಾ ನಿಂತರೆ ನೀರು ಕುಡಿಯುವುದು ನೆನಪಾಗುತ್ತಿರಲಿಲ್ಲ, ಬೀಡಿ ಮಾತ್ರ ದಿನಕ್ಕೊಂದು ಕಟ್ಟು. ಒಂದು ಬೆಳಿಗ್ಗೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ನಿಚ್ಚಳ ಕೆಂಪು. ಉರಿಯಿಲ್ಲ, ಸೊಂಟ ಹಿಡಿದಿಲ್ಲ, ಜ್ವರ ಇಲ್ಲ. ಅಮ್ಮ "ಉಷ್ಣ ಕಣಪ್ಪಾ, ಬಿಸಿಲಲ್ಲಿ ನಿಂತೂ ನಿಂತೂ ಒಳಗೆಲ್ಲ ಸುಟ್ಟಿದೆ" ಅಂದರು. ನಮ್ಮೂರಲ್ಲಿ ಎಳನೀರಿಗೆ ಬರವೇ? ಎರಡು ದಿನ ಎಳನೀರು, ಬಾರ್ಲಿ ಗಂಜಿ, ಜೀರಿಗೆ ನೀರು. ಮೂರನೇ ದಿನ ಮೂತ್ರ ತಿಳಿಯಾಯಿತು. ಎಳನೀರು ಕೆಲಸ ಮಾಡಿತು ಅಂತ ಇಡೀ ಮನೆ ನಂಬಿತು.

ಎಳನೀರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕಿಡ್ನಿಯೊಳಗಿನ ಗಡ್ಡೆಯಲ್ಲಿ ರಕ್ತನಾಳಗಳು ಬೇಕಾಬಿಟ್ಟಿ ಬೆಳೆದಿರುತ್ತವೆ, ಗಟ್ಟಿ ಇರುವುದಿಲ್ಲ. ಗಡ್ಡೆ ಮೂತ್ರ ಹರಿಯುವ ಜಾಗವನ್ನು ಮುಟ್ಟಿದಾಗ ಯಾವುದೋ ಒಂದು ನಾಳ ಒಡೆದು ರಕ್ತ ಬರುತ್ತದೆ, ಹೆಪ್ಪುಗಟ್ಟಿ ನಿಲ್ಲುತ್ತದೆ, ತಿಂಗಳುಗಟ್ಟಲೆ ಮತ್ತೆ ಕಾಣಿಸದೆಯೂ ಇರಬಹುದು. ನಿಲ್ಲುವುದೂ ಆ ಕಾಯಿಲೆಯ ಸ್ವಭಾವವೇ. ಇದನ್ನು ನನಗೆ ಯಾರಾದರೂ ಆವತ್ತು ಹೇಳಿದ್ದರೆ!

ನನ್ನ ಹೆಂಡತಿ ಮಾತ್ರ ಸಮಾಧಾನಕ್ಕೆ ಬರಲಿಲ್ಲ. "ರೀ, ಒಂದು ಸ್ಕ್ಯಾನಿಂಗ್ ಆದರೂ ಮಾಡಿಸಿ" ಅಂತ ದಿನಾ ಶುರು ಮಾಡಿದಳು. ಆ ವಾರವೇ ಹೋದೆ. ಇಲ್ಲಿಂದ ಮುಂದಿನದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ. ನಾನು ಕಳೆದುಕೊಂಡದ್ದೆಲ್ಲ ಈ ಒಂದು ಮಧ್ಯಾಹ್ನದಲ್ಲಿದೆ.

ರಿಪೋರ್ಟು ಇಂಗ್ಲಿಷಿನಲ್ಲಿತ್ತು, ಎರಡು ಹಾಳೆ. ಕೊನೆಯಲ್ಲಿ ಸಾರಾಂಶ, ಅದರಲ್ಲಿ ಎರಡು ಸಾಲು. ಮೊದಲನೇ ಸಾಲು: ಎಡ ಕಿಡ್ನಿಯಲ್ಲಿ 4 ಮಿ.ಮೀ. ಕಲ್ಲು. ನಾನು ಅಲ್ಲಿಗೆ ನಿಲ್ಲಿಸಿದೆ. ಎರಡನೇ ಸಾಲು: ಬಲ ಕಿಡ್ನಿಯ ಮೇಲ್ಭಾಗದಲ್ಲಿ 38 ಮಿ.ಮೀ. ಗಟ್ಟಿ ಗಡ್ಡೆ, ಕಾಂಟ್ರಾಸ್ಟ್ ಸಿ.ಟಿ. (ರಕ್ತನಾಳಕ್ಕೆ ಔಷಧಿ ಹಾಕಿ ತೆಗೆಯುವ ಸ್ಕ್ಯಾನ್) ಮಾಡಿಸಿ ನೋಡಬೇಕು. ಆ ಸಾಲಿನ ಮೇಲೆ ನನ್ನ ಕಣ್ಣು ಹೋಗಿತ್ತು, ಹೋಗಿರಲಿಲ್ಲ ಅಂತ ಸುಳ್ಳು ಹೇಳಲಾರೆ. ಗಡ್ಡೆಗೆ ಬರೆದಿದ್ದ 'ಲೀಷನ್' ಅನ್ನುವ ಪದ ಕಂಡಿತ್ತು. ಅರ್ಥ ಗೊತ್ತಿರಲಿಲ್ಲ. ಕಲ್ಲು ಅನ್ನುವುದು ಗೊತ್ತಿದ್ದ ಮಾತು. ನಮ್ಮಪ್ಪನಿಗೂ ಕಲ್ಲಿತ್ತು, ಬಾಳೆದಿಂಡಿನ ರಸ ಕುಡಿದು ಬಿದ್ದುಹೋಯಿತು ಎನ್ನುತ್ತಿದ್ದರು. ಗೊತ್ತಿದ್ದ ಮಾತು ಸಿಕ್ಕ ಕೂಡಲೇ ಮನಸ್ಸು ಅದಕ್ಕೆ ಅಂಟಿಕೊಂಡಿತು. ನನಗೆ ಅದು ಕಲ್ಲೇ ಆಗಿರಬೇಕಿತ್ತು.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ರಿಪೋರ್ಟ್ ತೆಗೆದುಕೊಂಡು ಡಾಕ್ಟರ ಬಳಿ ಹೋಗಲಿಲ್ಲ. ಸ್ಕ್ಯಾನಿಂಗ್ ಸೆಂಟರಿನ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದೆ: "ಸಾರ್, 4 ಎಂ.ಎಂ. ಕಲ್ಲಂತೆ." ಅವರು "ಅಷ್ಟು ಸಣ್ಣದಾದರೆ ಏನೂ ಬೇಡ, ನೀರು ಚೆನ್ನಾಗಿ ಕುಡಿಯಿರಿ" ಅಂದರು. ನಾನು ಹೇಳಿದ್ದಕ್ಕೆ ಅದು ಸರಿಯಾದ ಉತ್ತರವೇ. ಬಲ ಕಿಡ್ನಿ ಅನ್ನುವ ಎರಡು ಪದ ನನ್ನ ಬಾಯಿಂದ ಬಂದಿದ್ದರೆ ಅವರು ಆ ಸಂಜೆಯೇ ಬರಹೇಳುತ್ತಿದ್ದರು. ಹೆಂಡತಿಗೂ ಕಲ್ಲು ಅಂದೆ. ರಿಪೋರ್ಟು ಬೀರುವಿನೊಳಗೆ, ತೋಟದ ಪಹಣಿ ಇಡುವ ಚೀಲದಲ್ಲಿ, ಎರಡು ವರ್ಷ ಎಂಟು ತಿಂಗಳು ಮಲಗಿತು.

2019ರಲ್ಲಿ ಬಿ.ಪಿ. ಒಂದು ಮಾತ್ರೆಗೆ ಬಗ್ಗಲಿಲ್ಲ, ಎರಡಾಯಿತು. ಸಂಜೆ ಹೊತ್ತು ಸಣ್ಣಗೆ ಜ್ವರ, ರಾತ್ರಿ ಬನಿಯನ್ ಒದ್ದೆಯಾಗುವಷ್ಟು ಬೆವರು. ಮುದ್ದೆ ಕಂಡರೆ ಬೇಡ ಅನಿಸುತ್ತಿತ್ತು. ಟೈಫಾಯ್ಡ್ ಇರಬಹುದೆಂದು ಔಷಧಿ ನುಂಗಿದೆ. ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು, ಕಬ್ಬಿಣದ ಮಾತ್ರೆ ಕೊಟ್ಟರು. ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಇವೆಲ್ಲವೂ ಕಿಡ್ನಿಯ ಗಡ್ಡೆಯಿಂದ ಬರಬಹುದು. ಕಿಡ್ನಿ ಕಡೆಗೆ ಬೆರಳು ತೋರಿಸುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ. ನವೆಂಬರಿನಲ್ಲಿ ಮತ್ತೆ ರಕ್ತ ಬಂತು, ಈ ಸಲ ಹೆಪ್ಪು ಹೆಪ್ಪಾಗಿ. ತುಮಕೂರಿನಲ್ಲಿ ಮೂತ್ರರೋಗದ ಡಾಕ್ಟರ ಮುಂದೆ ಕೂತಾಗ ನನ್ನವಳು ಬ್ಯಾಗಿನಿಂದ ಆ ಹಳೇ ಕವರು ತೆಗೆದು ಮೇಜಿನ ಮೇಲಿಟ್ಟಳು. ಅವರು ಮೊದಲನೇ ಹಾಳೆ ತಿರುವಿದರು, ಎರಡನೆಯದರಲ್ಲಿ ತಡೆದರು. "ಇದು ಯಾವ ವರ್ಷದ್ದು?" ಅಂದರು. ಹೇಳಿದೆ. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ.

ಸಿ.ಟಿ.ಯಲ್ಲಿ ಗಡ್ಡೆ 7.6 ಸೆಂ.ಮೀ., ಕಿಡ್ನಿಯ ದೊಡ್ಡ ರಕ್ತನಾಳದೊಳಕ್ಕೆ ನಾಲಿಗೆ ಚಾಚಿತ್ತು. 4 ಸೆಂ.ಮೀ. ಒಳಗಿದ್ದರೆ ಅದು ಒಂದನೇ ಹಂತದಲ್ಲೂ ಕಿರಿದು. ಸಾಮಾನ್ಯವಾಗಿ ಗಡ್ಡೆಯನ್ನಷ್ಟೇ ಕೆತ್ತಿ ತೆಗೆದು ಉಳಿದ ಕಿಡ್ನಿಯನ್ನು ಹೊಲಿದುಬಿಡುತ್ತಾರೆ, ಹೆಚ್ಚಿನವರಿಗೆ ಅಲ್ಲಿಗೆ ಮುಗಿಯುತ್ತದೆ. ರಕ್ತನಾಳಕ್ಕೆ ಇಳಿದರೆ ಮೂರನೇ ಹಂತ. 38 ಮಿ.ಮೀ. ಎಂದರೆ 3.8 ಸೆಂ.ಮೀ. ಲೆಕ್ಕ ನೀವೇ ಹಾಕಿ. ನಾನು ಆ ಲೆಕ್ಕವನ್ನು ಎಷ್ಟು ರಾತ್ರಿ ಹಾಕಿದ್ದೇನೋ.

2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆಪರೇಷನ್. ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ದು ಬಲ ಕಿಡ್ನಿಯನ್ನು, ಸುತ್ತಲಿನ ಕೊಬ್ಬನ್ನು, ರಕ್ತನಾಳದೊಳಗಿನ ಗಡ್ಡೆಯನ್ನು ಇಡಿಯಾಗಿ ತೆಗೆದರು. ಪರೀಕ್ಷೆಯಲ್ಲಿ ಬಂದದ್ದು ಕ್ಲಿಯರ್ ಸೆಲ್ ಎಂಬ ಜಾತಿ; ದೊಡ್ಡವರ ಕಿಡ್ನಿ ಕ್ಯಾನ್ಸರಿನಲ್ಲಿ ಅದೇ ಹೆಚ್ಚು.

ಈಗ ನಿಮ್ಮ ಪ್ರಶ್ನೆಗೆ. ಎಷ್ಟು ಲಕ್ಷಣ ಅಂತ ಕೇಳಿದ್ದೀರಿ. ಆ ಲೆಕ್ಕವೇ ಬೇಡ. ರಕ್ತ, ಪಕ್ಕೆನೋವು, ಕೈಗೆ ಸಿಗುವ ಗಂಟು, ಈ ಮೂರೂ ಕೂಡಿ ಬರಬೇಕು ಎಂದು ಹಳೇ ಪಾಠ. ಮೂರೂ ಒಟ್ಟಿಗೆ ಕಾಣುವುದು ನೂರರಲ್ಲಿ ಹತ್ತು ಜನರಿಗೂ ಇಲ್ಲ, ಕಂಡವರಲ್ಲಿ ಕಾಯಿಲೆ ಬಹುಪಾಲು ಮುಂದುವರಿದಿರುತ್ತದೆ. ಈಗ ಅರ್ಧಕ್ಕಿಂತ ಹೆಚ್ಚು ಕಿಡ್ನಿ ಗಡ್ಡೆಗಳು ಸಿಗುವುದು ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ, ಒಂದೂ ಲಕ್ಷಣವಿಲ್ಲದೆ. ನಿಮ್ಮ ತಂದೆಗೆ ಒಂದು ಲಕ್ಷಣ ಬಂದಾಗಿದೆ. ಐವತ್ತು ದಾಟಿದವರಿಗೆ, ಅದರಲ್ಲೂ ಬೀಡಿ ಸಿಗರೇಟು ಸೇದಿದವರಿಗೆ, ನೋವಿಲ್ಲದೆ ಒಂದೇ ಒಂದು ಸಲ ರಕ್ತ ಬಂದರೂ ಸಾಕು. ಕಲ್ಲು ಇದೆಯೆಂದ ಮಾತ್ರಕ್ಕೆ ಬೇರೇನೂ ಇಲ್ಲ ಅಂತಲ್ಲ. ನನಗೆ ಎರಡೂ ಇತ್ತು, ಒಂದೊಂದು ಕಡೆ. ಸಣ್ಣ ಗಡ್ಡೆ ಸಾಧಾರಣ ಸ್ಕ್ಯಾನಿಂಗ್‌ನಲ್ಲಿ ಕಾಣದೆಯೂ ಹೋಗುತ್ತದೆ. ಯೂರಾಲಜಿಸ್ಟ್, ಅಂದರೆ ಮೂತ್ರರೋಗದ ಡಾಕ್ಟರ ಹತ್ತಿರವೇ ಹೋಗಿ, ಕಾಂಟ್ರಾಸ್ಟ್ ಸಿ.ಟಿ. ಬೇಕೇ ಎಂದು ನೇರವಾಗಿ ಕೇಳಿ. ಅದಕ್ಕೆ ಮುಂಚೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡುತ್ತಾರೆ. ಮೂತ್ರಕೋಶದೊಳಗೆ ಕ್ಯಾಮೆರಾ ಹಾಕಿ ನೋಡಬೇಕು ಅಂದರೆ ಅದಕ್ಕೂ ಒಪ್ಪಿಕೊಳ್ಳಿ, ಇದೇ ರೀತಿಯ ರಕ್ತ ಅಲ್ಲಿನ ಗಡ್ಡೆಯಿಂದಲೂ ಬರುತ್ತದೆ.

ಬಯಾಪ್ಸಿ (ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಮಾಡಿದರೆ, ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದಂತೆ, ಮೊದಲು ನಾಟಿ ಔಷಧಿ ನೋಡೋಣವೇ ಎಂದೂ ಕೇಳಿದ್ದೀರಿ. ನನಗೆ ಸಿಟ್ಟು ಬರುವುದು ಈ ಮಾತಿಗೆ, ನಿಮ್ಮ ಮೇಲಲ್ಲ. ಆಪರೇಷನ್ ಮಾಡುವುದು ಖಚಿತವಿದ್ದರೆ ಕಿಡ್ನಿ ಗಡ್ಡೆಗೆ ಎಷ್ಟೋ ಸಲ ಬಯಾಪ್ಸಿಯೇ ಬೇಕಾಗುವುದಿಲ್ಲ, ನನಗೂ ಮಾಡಲಿಲ್ಲ, ಸಿ.ಟಿ. ನೋಡಿಯೇ ನಿರ್ಧರಿಸಿದರು. ಮಾಡಿದರೂ ಸೂಜಿಯಿಂದ ಹರಡುವುದು ತೀರಾ ಅಪರೂಪ. ಗಡ್ಡೆ ಕಿಡ್ನಿಯಲ್ಲೇ ಇರುವಾಗ ಅದನ್ನು ಪೂರ್ತಿ ಗುಣಪಡಿಸುವ ದಾರಿ ಅಂದರೆ ತೆಗೆಯುವುದು, ಇಲ್ಲವೇ ತೀರಾ ಸಣ್ಣದಿದ್ದರೆ ಸೂಜಿ ಹಾಕಿ ಹೆಪ್ಪುಗಟ್ಟಿಸುವುದೋ ಸುಡುವುದೋ. ವಯಸ್ಸಾದವರಿಗೆ ಸಣ್ಣ ಗಡ್ಡೆಯಿದ್ದರೆ ಆಗಾಗ ಸ್ಕ್ಯಾನ್ ಮಾಡುತ್ತಾ ಕಾಯುವುದೂ ಉಂಟು. ಆದರೆ ಆ ಕಾಯುವಿಕೆ ಡಾಕ್ಟರ ಕಣ್ಣೆದುರು ಆಗಬೇಕು, ಬೀರುವಿನೊಳಗಲ್ಲ. ಬಾಳೆದಿಂಡಿನ ಪಲ್ಯ ಮಾಡಿಕೊಡಿ, ರುಚಿಯಾಗಿರುತ್ತದೆ. ಔಷಧಿ ಅಂತ ಕೊಡಬೇಡಿ.

ಹಾಗೆಂದು ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಐವತ್ತರ ಮೇಲೆ ಕಿಡ್ನಿಯಲ್ಲಿ ನೀರುಗುಳ್ಳೆ ತುಂಬಾ ಜನರಿಗಿರುತ್ತದೆ, ಕೊಬ್ಬಿನ ಗಡ್ಡೆಯೂ ಇರಬಹುದು. ಅದನ್ನು ಹೇಳಬೇಕಾದವರು ಡಾಕ್ಟರು.

ಊರಲ್ಲಿ ಎಲ್ಲರೂ "ಕೀಮೋ ಕೊಡಲಿಲ್ಲವಾ?" ಅಂತ ಕೇಳುತ್ತಿದ್ದರು, ಕೊಡದಿದ್ದರೆ ಚಿಕಿತ್ಸೆಯೇ ಆಗಲಿಲ್ಲ ಅನ್ನುವ ಹಾಗೆ. ಈ ಜಾತಿಯ ಕ್ಯಾನ್ಸರ್ ಸಾಮಾನ್ಯ ಕೀಮೋಗೆ ಬಗ್ಗುವುದಿಲ್ಲ. ಕ್ಲಿಯರ್ ಸೆಲ್‌ನಲ್ಲಿ ಹೆಚ್ಚಾಗಿ ವಿ.ಎಚ್.ಎಲ್. ಎಂಬ ಜೀನ್ ಕೆಟ್ಟಿರುತ್ತದಂತೆ. ಅದು ಕೆಟ್ಟರೆ ಕೋಶಕ್ಕೆ ಆಮ್ಲಜನಕ ಸಾಕಷ್ಟಿದ್ದರೂ ಇಲ್ಲವೆಂದೇ ತಿಳಿದು, ಹೊಸ ರಕ್ತನಾಳಗಳನ್ನು ಕರೆಯುತ್ತಲೇ ಇರುತ್ತದೆ. ಕೋಶ ಆಮ್ಲಜನಕವನ್ನು ಹೇಗೆ ಗುರುತಿಸುತ್ತದೆ ಎಂದು ಕಂಡುಹಿಡಿದ ಕೇಲಿನ್, ರಾಟ್‌ಕ್ಲಿಫ್, ಸೆಮೆನ್ಜಾ ಎಂಬ ಮೂವರಿಗೆ ನೊಬೆಲ್ ಬಂದದ್ದು 2019ರಲ್ಲೇ, ನಾನು ಮಂಚದ ಮೇಲಿದ್ದ ವರ್ಷ. ವಾರ್ಡಿನ ಚಿಕ್ಕ ಡಾಕ್ಟರೊಬ್ಬರು ಇದನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದರು. ಭಯದ ಮಧ್ಯೆ ನನಗೆ ಯಾರೋ ಮರ್ಯಾದೆ ಕೊಟ್ಟು ಮಾತಾಡಿಸಿದಂತಾಗಿತ್ತು.

ಆ ಚಿತ್ರ 2022ರಲ್ಲಿ ಮತ್ತೆ ನೆನಪಾಯಿತು. ಆರು ತಿಂಗಳಿಗೊಮ್ಮೆ ಮಾಡಿಸುವ ಸಿ.ಟಿ.ಯಲ್ಲಿ ಶ್ವಾಸಕೋಶದಲ್ಲಿ ಮೂರು ಸಣ್ಣ ಚುಕ್ಕೆ. ಇದು ಹರಡಿದರೆ ಮೊದಲು ಹೋಗುವುದು ಹೆಚ್ಚಾಗಿ ಅಲ್ಲಿಗೇ. ರಕ್ತನಾಳ ಬೆಳೆಯದಂತೆ ತಡೆಯುವ ಪಾಜೊಪನಿಬ್ ಮಾತ್ರೆ ಶುರು ಮಾಡಿದರು. ಊಟಕ್ಕೆ ಒಂದು ಗಂಟೆ ಮುಂಚೆ, ಇಲ್ಲವೇ ಎರಡು ಗಂಟೆ ನಂತರ. ಬಿ.ಪಿ. ಏರುತ್ತದೆ, ಭೇದಿ ಆಗುತ್ತದೆ, ಲಿವರ್ ಪರೀಕ್ಷೆ ತಪ್ಪಿಸುವಂತಿಲ್ಲ. ಮೀಸೆ ತಲೆಗೂದಲೆಲ್ಲ ಕೆಲವೇ ತಿಂಗಳಲ್ಲಿ ಬೆಳ್ಳಗಾಯಿತು, ಅದೂ ಆ ಮಾತ್ರೆಯಿಂದಲೇ. ಚುಕ್ಕೆಗಳು ಕಿರಿದಾದವು, ಸದ್ಯ ಹಾಗೇ ಇವೆ. ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಇಮ್ಯುನೊಥೆರಪಿ ಇಂಜೆಕ್ಷನ್‌ಗಳೂ ಬಂದಿವೆ, ಹರಡಿದವರಿಗೆ ಈಗ ಅದನ್ನೇ ಮೊದಲು ಯೋಚಿಸುತ್ತಾರೆ. ಅದಕ್ಕೆ ಲಕ್ಷಗಳ ಲೆಕ್ಕ, ನಮ್ಮಿಂದ ಆಗಲಿಲ್ಲ. ತೋಟದ ಒಂದು ಭಾಗ ಆಗಲೇ ಮಾರಿದ್ದೆವು.

ದುಡ್ಡಿನ ಬಗ್ಗೆ ಒಂದು ಮಾತು, ಯಾಕೆಂದರೆ ಹಿಂಜರಿಯುವುದು ಅದಕ್ಕೇ. ಬಿ.ಪಿ.ಎಲ್. ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎ.ಪಿ.ಎಲ್.ನವರಿಗೆ ಪ್ಯಾಕೇಜಿನ ಶೇ 30, ವರ್ಷಕ್ಕೆ 1.5 ಲಕ್ಷ ಮೀರದಂತೆ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಪಿಂಡಕ್ಕೆಂದೇ ಇರುವ ಸರ್ಕಾರಿ ನೆಫ್ರೋ ಯೂರಾಲಜಿ ಸಂಸ್ಥೆ ಇದೆ. ಕಾರ್ಡು, ಆಧಾರ್, ರೆಫರಲ್ ಚೀಟಿ ಇಟ್ಟುಕೊಂಡೇ ಹೊರಡಿ.

ಒಂದು ಕಿಡ್ನಿಯಲ್ಲಿ ಬದುಕಬಹುದು, ನಾನು ಬದುಕಿದ್ದೇನೆ. ಬೀಡಿ ಬಿಟ್ಟೆ, ಬಿ.ಪಿ. ಮನೆಯಲ್ಲೇ ನೋಡಿಕೊಳ್ಳುತ್ತೇನೆ, ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದಿಲ್ಲ.

ಇವತ್ತು ರಾತ್ರಿ ನಿಮ್ಮ ತಂದೆಯ ರಿಪೋರ್ಟ್ ಹೊರತೆಗೆಯಿರಿ. 'ಇಂಪ್ರೆಷನ್' (ಕೊನೆಯ ಸಾರಾಂಶ) ಅನ್ನುವ ಪದದ ಕೆಳಗೆ ಎಷ್ಟು ಸಾಲಿವೆಯೋ ಎಣಿಸಿ. ಕಲ್ಲು ಯಾವ ಕಡೆ, ಇನ್ನೊಂದು ಕಡೆಯ ಬಗ್ಗೆ ಏನು ಬರೆದಿದ್ದಾರೆ ನೋಡಿ. 'ಲೀಷನ್', 'ಮಾಸ್', 'ಎಸ್‌ಒಎಲ್', 'ಸಿಇಸಿಟಿ' (ಮೊದಲ ಮೂರೂ ಗಡ್ಡೆಯನ್ನು ಸೂಚಿಸುವ ಮಾತು, ಕೊನೆಯದು ಕಾಂಟ್ರಾಸ್ಟ್ ಸಿ.ಟಿ.) ಇವುಗಳಲ್ಲಿ ಒಂದಾದರೂ ಇದ್ದರೆ, ಇಲ್ಲದಿದ್ದರೂ ಸರಿ, ನಾಳೆ ರಿಪೋರ್ಟಿನ ಎಲ್ಲ ಹಾಳೆ ಕೈಯಲ್ಲಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಫೋನಿನಲ್ಲಿ ಹೇಳಬೇಡಿ.