ಈಕೋ ಟೈ ರಾಡ್ ರೀಕಾಲ್: ಫೋನ್ ಬರಲಿ ಅಂತ ಕಾಯಬೇಡಿ

ಅಣ್ಣ, ಮಂಡ್ಯದಲ್ಲಿ ಸೆಕೆಂಡ್ ಹ್ಯಾಂಡ್ 2022ರ ಮಾರುತಿ ಈಕೋ ತಗೊಂಡಿದ್ದೇನೆ, ರೀಕಾಲ್ (ದೋಷ ಸರಿಪಡಿಸಲು ಕಂಪನಿ ಗಾಡಿ ವಾಪಸ್ ಕರೆಯುವುದು) ಇದ್ದರೆ ಕಂಪನಿಯವರೇ ಫೋನ್ ಮಾಡುತ್ತಾರೆ ಬಿಡಿ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಹೀಗೇ ಕಾದಿದ್ದೆವು. ಫೋನ್ ಹೋಗಿದ್ದು ಮೊದಲನೇ ಓನರ್‌ಗೆ.

2023ರ ಜುಲೈನಲ್ಲಿ ಮಾರುತಿ 87,599 ಎಸ್-ಪ್ರೆಸ್ಸೊ, ಈಕೋ ಗಾಡಿಗಳನ್ನು ವಾಪಸ್ ಕರೆಯಿತು. 2021ರ ಜುಲೈ 5ರಿಂದ 2023ರ ಫೆಬ್ರವರಿ 15ರ ನಡುವೆ ತಯಾರಾದವು. ನೋಡಬೇಕಾದ್ದು ತಯಾರಾದ ತಾರೀಖು, ರಿಜಿಸ್ಟ್ರೇಷನ್ ಅಲ್ಲ. ಸ್ಟೀರಿಂಗನ್ನು ಮುಂದಿನ ಚಕ್ರಕ್ಕೆ ಜೋಡಿಸುವ ಟೈ ರಾಡಿನ ಒಂದು ಭಾಗ ಅಪರೂಪಕ್ಕೆ ಮುರಿಯಬಹುದು ಅಂತ ಕಂಪನಿಯೇ ಹೇಳಿದೆ. ಮುರಿದರೆ ಆ ಕಡೆ ಚಕ್ರ ಸ್ಟೀರಿಂಗ್ ಹೇಳಿದಂತೆ ತಿರುಗುವುದಿಲ್ಲ. ಮೈಸೂರು ಹೈವೇಲಿ ಆ ಸ್ಪೀಡಲ್ಲಿ ಹಾಗಾದರೆ? ಮೆಕ್ಯಾನಿಕ್ ಅಲ್ಲಾಡಿಸಿ ನೋಡಿ ಪ್ಲೇ (ಸಡಿಲ) ಇಲ್ಲ ಅಂದರು ಅಂತೀರಿ. ಅದರಲ್ಲಿ ಸವೆದ ಜಾಯಿಂಟ್ ಗೊತ್ತಾಗುತ್ತದೆ, ನಾಳೆ ಮುರಿಯುವುದು ಗೊತ್ತಾಗುವುದಿಲ್ಲ.

ಆರ್‌ಸಿಯಲ್ಲಿ 17 ಅಕ್ಷರದ ಚಾಸಿಸ್ ನಂಬರ್ ಇದೆ, ಅದನ್ನು ಮಾರುತಿ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ. ಅದರಲ್ಲಿ ಐ, ಒ, ಕ್ಯೂ ಇರುವುದೇ ಇಲ್ಲ. ಹಾಗೆ ಕಂಡರೆ ಅದು 1 ಅಥವಾ ಸೊನ್ನೆ. ತಪ್ಪು ನಂಬರ್ ಹಾಕಿ ನಿಮ್ಮ ಗಾಡಿ ಲಿಸ್ಟಲ್ಲಿ ಇಲ್ಲ ಅಂತ ಸುಮ್ಮನಾಗಬೇಡಿ.

ಎಲ್ಲಕ್ಕಿಂತ ಮುಖ್ಯ ಜಾಬ್ ಕಾರ್ಡ್, ಅಂದರೆ ಸರ್ವಿಸ್ ಸೆಂಟರಿನವರು ಗಾಡಿಗೆ ಮಾಡುವ ಕೆಲಸ ಬರೆಯುವ ಕಾಗದ. ಆಯಿಲ್ ಸರ್ವಿಸ್ ಜೊತೆ ಸೇರಿಸಬೇಡಿ, ರೀಕಾಲ್ ಅಂತ ಬೇರೆ ಸಾಲಲ್ಲಿ ಬರೆಸಿ. ನಮಗೆ ಒಂದು ಸರ್ವಿಸ್ ಸೆಂಟರಿನಲ್ಲಿ ಬಾಯಲ್ಲಿ ಆಯ್ತು ಅಂದರು, ಕಾಗದದಲ್ಲಿ ಏನೂ ಇರಲಿಲ್ಲ. ಗಾಡಿ ಎತ್ತಿ ನೋಡಿದರೆ ಹಳೇ ರಾಡೇ ಇತ್ತು! ಮತ್ತೆ ಹೋಗಿ ಕೂತು ಮಾಡಿಸಿಕೊಂಡು ಬಂದೆವು. ಹೊಸ ಪಾರ್ಟನ್ನು ಕಣ್ಣಲ್ಲಿ ನೋಡಿ, ಮುಗಿದ ಮೇಲೆ ಪ್ರತಿ ಇಸಕೊಳ್ಳಿ. ವಾರಂಟಿ ಮುಗಿದಿದ್ದರೂ ಪಾರ್ಟು, ಲೇಬರ್ ಎರಡೂ ಫ್ರೀ. ಕೋಟಿಂಗ್, ಕ್ಲೀನಿಂಗ್ ಅಂತ ಬಿಲ್ಲಿಗೆ ಸೇರಿಸಿದರೆ ಬೇಡ ಅನ್ನಿ. ರಾಡ್ ಬದಲಾಯಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಟೈರ್ ಅಂಚು ಬೇಗ ಸವೆಯುತ್ತದೆ. ಮೊದಲೇ ಹೊರಗಡೆ ರಾಡ್ ಹಾಕಿಸಿದ್ದರೆ ಅದನ್ನೂ ಹೇಳಿ.

ರೀಕಾಲ್ ಮಾಡಿದ ಕಂಪನಿ ಬೇಡ ಅನ್ನುವವರ ಮಾತು ಕೇಳಬೇಡಿ. ತಕಾಟಾ ಅನ್ನುವ ಕಂಪನಿಯ ದೋಷದ ಏರ್‌ಬ್ಯಾಗಿಗೆ ಹೋಂಡಾ, ಟೊಯೋಟಾ ಕೂಡ ಗಾಡಿ ಕರೆದಿವೆ. ತಪ್ಪು ಹೇಳಿಕೊಂಡು ರಿಪೇರಿ ಮಾಡಿಕೊಡುವವರೇ ವಾಸಿ. ಗೊತ್ತಿದ್ದೂ ಮಾಡಿಸದೆ ಮಕ್ಕಳನ್ನು ಕೂರಿಸಿಕೊಂಡು ಓಡಿಸುವುದು ದೊಡ್ಡ ತಪ್ಪು.

ಪೆಟ್ರೋಲ್ ಸಿಯಾಜ್, ಎರ್ಟಿಗಾ, ಬ್ರೆಝಾ, ಎಸ್-ಕ್ರಾಸ್, ಎಕ್ಸ್‌ಎಲ್6 ಇರುವವರೂ ನೋಡಿಕೊಳ್ಳಿ. 2018ರ ಮೇ 4ರಿಂದ 2020ರ ಅಕ್ಟೋಬರ್ 27ರವರೆಗಿನ 1,81,754 ಗಾಡಿಗಳನ್ನು ಮೋಟಾರ್ ಜನರೇಟರ್ ಯೂನಿಟ್ ಅನ್ನುವ ಕರೆಂಟಿನ ಭಾಗಕ್ಕಾಗಿ 2021ರಲ್ಲಿ ಕರೆದಿದ್ದರು. ಅದನ್ನು ಮಾಡಿಸುವ ತನಕ ನಿಂತ ನೀರಲ್ಲಿ ಓಡಿಸಬೇಡಿ. ವಾಟರ್ ವಾಶ್ ಹುಡುಗರಿಗೂ ಬಾನೆಟ್ ಒಳಗೆ ಪೈಪ್ ಹಿಡಿಯಬೇಡಿ ಅಂತ ಮೊದಲೇ ಹೇಳಿ.