ಐಇಎಲ್‌ಟಿಎಸ್ ಆಮೇಲೆ, ಮೊದಲು ಹೆಸರು ಮತ್ತು ಖಾತೆ ನೋಡಿ

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಹಳ್ಳಿ. ಚಿಕ್ಕಬಳ್ಳಾಪುರದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ಸಿಜಿಪಿಎ 7.4. ಜರ್ಮನಿಯಲ್ಲಿ ಎಂ.ಎಸ್. ಮಾಡುವ ಆಸೆ. ಮೂರು ಎಕರೆ ಜಮೀನು, ಊರಲ್ಲಿ ಒಂದು ಮನೆ ಇದೆ. ಜಮೀನಿನ ಮೇಲೆ ಸಾಲ ತೆಗೆಯೋಣ ಅನ್ನುತ್ತಾರೆ ಅಪ್ಪ. ಕನ್ಸಲ್ಟೆನ್ಸಿಯವರು 'ಮೊದಲು ಐಇಎಲ್‌ಟಿಎಸ್ ಕೋಚಿಂಗ್ ಸೇರಿ, ಮಿಕ್ಕಿದ್ದು ನಾವು ನೋಡ್ಕೊಳ್ತೀವಿ' ಅಂದರು. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೋಚಿಂಗ್‌ನಿಂದ ಅಂತೂ ಬೇಡ. ಐಇಎಲ್‌ಟಿಎಸ್ ಅನ್ನುವುದು ಇಂಗ್ಲಿಷ್ ಪರೀಕ್ಷೆ, ಅದರ ಅಂಕ ಎರಡು ವರ್ಷ ಮಾತ್ರ ನಡೆಯುತ್ತದೆ. ಅದನ್ನು ಕೊನೆಯ ವರ್ಷದಲ್ಲಿ ಬರೆದರೂ ಸಾಕು. ಅಲ್ಲದೆ, ಆ ಪರೀಕ್ಷೆಗೆ ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟ್ ಅಂದ ಕೂಡಲೇ ನಮ್ಮ ಕಡೆಯ ಹಳೇ ತಲೆನೋವು ಶುರುವಾಗುತ್ತದೆ: ಇನಿಷಿಯಲ್.

ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಸಿ.ವಿ.' ಅಂತಿದೆ ಎಂದುಕೊಳ್ಳಿ. ಸಿ ಅಂದರೆ ಊರು, ವಿ ಅಂದರೆ ಅಪ್ಪ. ಆಧಾರ್‌ನಲ್ಲಿ ಬರೀ 'ಮಂಜುನಾಥ'. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಅಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಸಿಗುತ್ತದೆ. ಆದರೆ ಹೊರದೇಶದ ಕಂಪ್ಯೂಟರ್‌ಗಳಿಗೆ ಒಂದೇ ಹೆಸರಿನ ಮನುಷ್ಯ ಅರ್ಥವಾಗುವುದಿಲ್ಲ. ಅಮೆರಿಕ ವೀಸಾದಲ್ಲಂತೂ ಅಂಥವರ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬೀಳುತ್ತದೆ, ಹೆಸರು ಗೊತ್ತಿಲ್ಲ ಅಂತ! ಆದ್ದರಿಂದ ನೀವು ಇನ್ನೂ ಪಾಸ್‌ಪೋರ್ಟ್ ಮಾಡಿಸಿಲ್ಲವಾದರೆ ಮೊದಲು ಆಧಾರ್ ಸರಿಮಾಡಿಸಿ. ಆಮೇಲೆ ಅಪ್ಪನ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿ. ಅಲ್ಲಿಂದ ಮುಂದೆ ಐಇಎಲ್‌ಟಿಎಸ್, ಯೂನಿವರ್ಸಿಟಿ ಅರ್ಜಿ, ಬ್ಯಾಂಕ್, ಎಲ್ಲ ಕಡೆ ಅದೇ ಹೆಸರು, ಅದೇ ಸ್ಪೆಲಿಂಗ್. ಅಂಕಪಟ್ಟಿಯ ಹೆಸರಿಗೂ ಪಾಸ್‌ಪೋರ್ಟ್ ಹೆಸರಿಗೂ ಇರುವ ವ್ಯತ್ಯಾಸಕ್ಕೆ, ಎರಡೂ ಒಬ್ಬನದೇ ಎಂದು ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಇನ್ನು ಜಮೀನು. ಅಪ್ಪನಿಗೆ ಬೇಜಾರಾಗಬಹುದು, ಆದರೂ ಹೇಳಿಬಿಡುತ್ತೇನೆ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಅಡಮಾನವಾಗಿ ಬ್ಯಾಂಕ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಾಲ ಮುಳುಗಿದರೆ ಕೋರ್ಟಿಗೆ ಹೋಗದೆ ಆಸ್ತಿ ಹರಾಜು ಹಾಕಲು ಬ್ಯಾಂಕ್‌ಗೆ 2002ರ ಸರ್ಫೇಸಿ ಕಾಯ್ದೆಯ ಬಲವಿದೆ. ಆ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ರೈತನನ್ನು ಕಾಪಾಡಲು ಇಟ್ಟ ವಿನಾಯಿತಿ ರೈತನ ಮಗನ ಸಾಲಕ್ಕೆ ಅಡ್ಡ ಬರುತ್ತದೆ, ನೋಡಿ.

ಹಾಗಾಗಿ ನಿಮ್ಮ ಕೈಲಿರುವುದು ಮನೆ. ಅದು ಯಾರ ಹೆಸರಿನಲ್ಲಿದೆ? ಈ ಭಾಗದಲ್ಲಿ ಎಷ್ಟೋ ಮನೆಗಳು ಇನ್ನೂ ತಾತನ ಹೆಸರಿನಲ್ಲೇ ಇವೆ. ಹಾಗಿದ್ದರೆ ಖಾತೆ ಬದಲಾಗಬೇಕು. ಚಿಕ್ಕಪ್ಪಂದಿರ ಸಹಿ ಜೊತೆಗೆ ಮದುವೆಯಾಗಿ ಹೋದ ಅತ್ತೆಯರ ಸಹಿಯೂ ಬೇಕು. ಹಬ್ಬಕ್ಕೆ ಎಲ್ಲರೂ ಸೇರಿದಾಗಲೇ ಮಾತಾಡಿ, ವೀಸಾ ಹತ್ತಿರ ಬಂದಾಗ ಓಡಾಡಿದರೆ ಜಗಳವೇ ಗತಿ. ಪಂಚಾಯಿತಿಯಿಂದ ಇ-ಸ್ವತ್ತು ನಮೂನೆ 9 ಮತ್ತು 11 ತೆಗೆಸಿ. ನಿಮ್ಮದು 11ಬಿ, ಅಂದರೆ ಪೂರ್ತಿ ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ ನಮೂನೆ ಆಗಿದ್ದರೆ ಬ್ಯಾಂಕ್ ಮೂಗು ಮುರಿಯಬಹುದು, ಅದನ್ನು ಮ್ಯಾನೇಜರ್ ಹತ್ತಿರ ಈಗಲೇ ಕೇಳಿಕೊಳ್ಳಿ. ಸರ್ಕಾರಿ ಬ್ಯಾಂಕ್‌ಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಅಡಮಾನ ಬೇಕಿಲ್ಲ. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಸಾಲ ಯೋಜನೆಯ ಸುದ್ದಿ ಕೇಳಿ ಆಸೆ ಪಡಬೇಡಿ, ಅದು ದೇಶದೊಳಗಿನ ಆಯ್ದ ಕಾಲೇಜುಗಳಿಗೆ ಮಾತ್ರ.

ಎಷ್ಟು ದುಡ್ಡು ಬೇಕು? ಜರ್ಮನಿಯ ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೊ. ಮ್ಯೂನಿಕ್‌ನ ತಾಂತ್ರಿಕ ಯೂನಿವರ್ಸಿಟಿಯೂ 2024ರಿಂದ ಶುಲ್ಕ ಶುರು ಮಾಡಿದೆ. ದೊಡ್ಡ ಮೊತ್ತ ಬೇಕಾಗುವುದು ಬ್ಲಾಕ್ಡ್ ಅಕೌಂಟ್‌ಗೆ, ಅಂದರೆ ಅಲ್ಲಿ ಬದುಕಲು ದುಡ್ಡಿದೆ ಎಂದು ವೀಸಾಗೆ ತೋರಿಸಲು ಮುಂಚೆಯೇ ತುಂಬಿಸಿಡುವ ಬ್ಯಾಂಕ್ ಖಾತೆಗೆ. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ವರ್ಷಕ್ಕೆ 11,904 ಯೂರೊಗೆ ಏರಿಸಿದರು. ನಮ್ಮ ಲೆಕ್ಕದಲ್ಲಿ 12 ಲಕ್ಷದ ಆಸುಪಾಸು. ಅದು ಫೀಸಲ್ಲ, ನಿಮ್ಮದೇ ದುಡ್ಡು, ಅಲ್ಲಿ ತಿಂಗಳಿಗೆ 992 ಯೂರೊ ಹಾಗೆ ವಾಪಸ್ ಬರುತ್ತದೆ. ವೀಸಾಗೆ ಮುಂಚೆ, ನಿಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ಪರೀಕ್ಷಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಬೇಕು. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಇದು ಕಡ್ಡಾಯ.

ನಿಮ್ಮ 7.4 ಕಮ್ಮಿಯೇನಲ್ಲ. ಪಾಸ್ ಅಂಕ 4 ಎಂದುಕೊಂಡರೆ ಜರ್ಮನ್ ಲೆಕ್ಕದಲ್ಲಿ ಅದು 2.3. ಅಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಎಷ್ಟೋ ಕೋರ್ಸ್‌ಗಳು 2.5ರ ಒಳಗೆ ಕೇಳುತ್ತವೆ. ಉಳಿದ ಸೆಮಿಸ್ಟರ್‌ಗಳಲ್ಲಿ ಕೈಬಿಡಬೇಡಿ.

ಕನ್ಸಲ್ಟೆನ್ಸಿಯವರನ್ನು ಒಂದೇ ಮಾತು ಕೇಳಿ: ನನಗೆ ಹೇಳುತ್ತಿರುವ ಯೂನಿವರ್ಸಿಟಿ ಸರ್ಕಾರಿಯೋ, ಖಾಸಗಿಯೋ? ಖಾಸಗಿಯವರು ಏಜೆಂಟರಿಗೆ ಕಮಿಷನ್ ಕೊಡುತ್ತಾರೆ, ಅದಕ್ಕೇ ಪಟ್ಟಿಯಲ್ಲಿ ಅವುಗಳೇ ಜಾಸ್ತಿ. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಿಎಎಡಿಯ ವೆಬ್‌ಸೈಟ್‌ನಲ್ಲಿ ಇಂಗ್ಲಿಷ್ ಕೋರ್ಸ್‌ಗಳನ್ನು ಪುಕ್ಕಟೆ ಹುಡುಕಬಹುದು.

ಪ್ರಶ್ನೆ: ತುಮಕೂರಿನಲ್ಲಿ ಮೂರು ವರ್ಷದ ಬಿ.ಎಸ್ಸಿ. ಓದುತ್ತಿದ್ದೇನೆ. ಪರಿಶಿಷ್ಟ ಜಾತಿಯವಳು. ಈ ಡಿಗ್ರಿ ಇಟ್ಟುಕೊಂಡು ಹೊರಗೆ ಎಂ.ಎಸ್ಸಿ.ಗೆ ಹೋಗಬಹುದೇ?

ಉತ್ತರ: ಬ್ರಿಟನ್‌ಗೆ ಹೋಗಬಹುದು, ಅಲ್ಲಿಯ ಡಿಗ್ರಿಯೂ ಹೆಚ್ಚಾಗಿ ಮೂರೇ ವರ್ಷ. ಅಮೆರಿಕದಲ್ಲಿ ಹಲವು ಯೂನಿವರ್ಸಿಟಿಗಳು ಒಟ್ಟು 16 ವರ್ಷದ ಓದು ಕೇಳುತ್ತವೆ, ನಿಮ್ಮದು ಪಿಯುಸಿವರೆಗಿನ 12 ಸೇರಿ 15 ಆಗುತ್ತದೆ, ಅರ್ಜಿ ಶುಲ್ಕ ಕಟ್ಟುವ ಮುಂಚೆ ಮೇಲ್ ಮಾಡಿ ಕೇಳಿ. ದುಡ್ಡಿಗೆ ಎರಡು ದಾರಿ: ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್. ಕೇಂದ್ರದ್ದಕ್ಕೆ ಮನೆಯ ಆದಾಯ ವರ್ಷಕ್ಕೆ 8 ಲಕ್ಷ ದಾಟಿರಬಾರದು. ಯೂನಿವರ್ಸಿಟಿ ಕ್ಯೂಎಸ್ ಎಂಬ ಜಾಗತಿಕ ರ‍್ಯಾಂಕಿಂಗ್ ಪಟ್ಟಿಯ ಮೊದಲ 500ರಲ್ಲಿರಬೇಕು. ಆ ಪಟ್ಟಿ ನೋಡಿಯೇ ಅರ್ಜಿ ಹಾಕಿ. ಜಾತಿ, ಆದಾಯ ಪ್ರಮಾಣಪತ್ರಗಳಲ್ಲಿ ನಿಮ್ಮ ಹೆಸರು ಹೇಗಿದೆ ಅಂತಲೂ ನೋಡಿಕೊಳ್ಳಿ.