ಬಸಂತರ್ ಅಂತ ನಾವು, ಬಡಾ ಪಿಂಡ್ ಅಂತ ಅವರು

ನೀವು ಕೇಳಿದ್ದು ಇದು: ಯುದ್ಧದಲ್ಲಿ ಸತ್ತ ಒಬ್ಬ ಚಿಕ್ಕ ವಯಸ್ಸಿನ ಸೈನಿಕನನ್ನು ನೆನೆಯಬೇಕು ಅಂದರೆ ನಿಮಗೆ ಮೊದಲು ಯಾರ ನೆನಪಾಗುತ್ತದೆ, ಯಾಕೆ?

ನನಗೆ ಅರುಣ್ ಖೇತರ್‌ಪಾಲ್. ಸೆಕೆಂಡ್ ಲೆಫ್ಟಿನೆಂಟ್, 17 ಪೂನಾ ಹಾರ್ಸ್ ಎಂಬ ಟ್ಯಾಂಕ್ ರೆಜಿಮೆಂಟು. ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, 1971ರ ಡಿಸೆಂಬರ್ 16ರಂದು ಸತ್ತಾಗ ವಯಸ್ಸು 21. ಗೌರವಕ್ಕೆ 'ಅವರು' ಅಂತ ಬರೆಯಬೇಕು, ಗೊತ್ತು. ಆದರೆ ನನ್ನ ಮಗನಿಗೂ ಈಗ 21. ತಿಂಗಳಿಗೊಮ್ಮೆ ಹಾಸ್ಟೆಲ್‌ನಿಂದ ಕೊಳೆ ಬಟ್ಟೆಯ ಚೀಲ ಹೊತ್ತು ಬರುತ್ತಾನೆ, ಬಂದವನೇ ತಿನ್ನೋಕೆ ಏನಿದೆ ಅಂತ ಕೇಳುತ್ತಾನೆ. ಆ ವಯಸ್ಸಿನ ಹುಡುಗನಿಗೆ ಬಹುವಚನ ಹಚ್ಚಲು ನನಗೆ ಬಾಯಿ ಬರುವುದಿಲ್ಲ. 'ಅವನು' ಅಂತಲೇ ಬರೆಯುತ್ತೇನೆ.

ಅರುಣ್ ಸೇನೆಗೆ ಸೇರಿದ್ದು 1971ರ ಜೂನ್‌ನಲ್ಲಿ. ಸೇರಿ ಬರೀ ಆರು ತಿಂಗಳು. ಹೊಸ ಅಧಿಕಾರಿಗಳಿಗೆ ಅಹ್ಮದ್‌ನಗರದಲ್ಲಿ ತರಬೇತಿ ನಡೆಯುತ್ತಿತ್ತು. ಅದು ಮುಗಿಯುವ ಮೊದಲೇ ಯುದ್ಧದ ಕರೆ ಬಂತು. ಹೊರಡುವಾಗ ಅವನು ಗಾಲ್ಫ್ ಆಡುವ ಕೋಲುಗಳನ್ನೂ, ಸಮಾರಂಭಕ್ಕೆ ಹಾಕುವ ನೀಲಿ ಸಮವಸ್ತ್ರವನ್ನೂ ಸಾಮಾನಿನ ಜೊತೆ ಕಟ್ಟಿಕೊಂಡಿದ್ದನಂತೆ. ಇದ್ಯಾಕೆ ಅಂತ ಕೇಳಿದವರಿಗೆ, ಲಾಹೋರಿನಲ್ಲಿ ಗಾಲ್ಫ್ ಆಡುತ್ತೇನೆ, ಗೆದ್ದ ಮೇಲೆ ಔತಣ ಇರುತ್ತದಲ್ಲ, ಅದಕ್ಕೆ ಒಳ್ಳೆ ಬಟ್ಟೆ ಬೇಕು ಅಂದನಂತೆ. ಇದನ್ನು ಓದಿದಾಗ ನನಗೆ ಮೊದಲು ನಗು ಬಂತು. 21ರ ಹುಡುಗ ಅಲ್ವಾ, ಹಾಗೇ ಮಾತಾಡುತ್ತಾನೆ. ಆಮೇಲೆ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಕಾಳಗ ನಡೆದದ್ದು ಪಾಕಿಸ್ತಾನದ ಶಕರ್‌ಗಢ ಭಾಗದಲ್ಲಿ, ಬಸಂತರ್ ನದಿಯ ಹತ್ತಿರ. ನಮ್ಮವರು ನದಿ ದಾಟಿ ಆಚೆ ದಡದಲ್ಲಿ ನೆಲೆ ಮಾಡಿಕೊಂಡಿದ್ದರು. ದಾರಿ ತುಂಬಾ ನೆಲಬಾಂಬುಗಳು. ಅವನ್ನೆಲ್ಲ ತೆಗೆದು ಮುಗಿಯುವ ತನಕ ಕಾಯುವಂತಿರಲಿಲ್ಲ. ಪೂನಾ ಹಾರ್ಸ್‌ನ ಟ್ಯಾಂಕುಗಳು ರಾತ್ರಿಯೇ ಆ ನೆಲದ ಮೇಲೆ ಹಾದು ಹೋದವು. 16ರ ಬೆಳಿಗ್ಗೆ ಜರ್‌ಪಾಲ್ ಎಂಬ ಊರಿನ ಬಳಿ ಪಾಕಿಸ್ತಾನದ ಟ್ಯಾಂಕುಗಳು ದೊಡ್ಡ ಸಂಖ್ಯೆಯಲ್ಲಿ ಎದುರು ದಾಳಿ ಮಾಡಿದವು. ಅಲ್ಲಿದ್ದ ನಮ್ಮ ತುಕಡಿ ನೆರವು ಕೇಳಿತು. ಅರುಣ್ ಬೇರೆ ತುಕಡಿಯವನು. ಆದರೂ ತನ್ನ ಟ್ಯಾಂಕುಗಳನ್ನು ಕರೆದುಕೊಂಡು ಹೊರಟುಬಿಟ್ಟ.

ಅವನ ಟ್ಯಾಂಕು ಸೆಂಚುರಿಯನ್, ಹೆಸರು 'ಫಾಮಗುಸ್ತಾ'. ಕಾಳಗ ಜೋರಾದಾಗ ಆ ಜಾಗವನ್ನು ಹಿಡಿದು ನಿಲ್ಲಲು ನಮ್ಮ ಕಡೆ ಉಳಿದದ್ದು ಮೂರೇ ಟ್ಯಾಂಕು. ಶತ್ರುವಿನ ಹತ್ತು ಟ್ಯಾಂಕು ನಾಶವಾದವು, ಅದರಲ್ಲಿ ನಾಲ್ಕು ಅವನೊಬ್ಬನ ಲೆಕ್ಕದವು. ಅಷ್ಟರಲ್ಲಿ ಫಾಮಗುಸ್ತಾಕ್ಕೂ ಗುಂಡು ಬಿತ್ತು, ಬೆಂಕಿ ಹತ್ತಿತು. ಟ್ಯಾಂಕು ಬಿಟ್ಟು ಹೊರಗೆ ಬಾ ಅಂತ ರೇಡಿಯೋದಲ್ಲಿ ಆದೇಶ ಬಂತು. ನನ್ನ ತೋಪು ಇನ್ನೂ ಕೆಲಸ ಮಾಡುತ್ತಿದೆ, ಬಿಡುವುದಿಲ್ಲ ಅಂದ. ಅವನು ಕೊನೆಗೆ ಹೊಡೆದ ಟ್ಯಾಂಕು ಅವನಿಂದ ಬರೀ 100 ಮೀಟರ್ ದೂರದಲ್ಲಿತ್ತು. ಆಮೇಲೆ ಬಿದ್ದ ಇನ್ನೊಂದು ಗುಂಡಿಗೆ ಅವನು ಉಳಿಯಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಆ ಟ್ಯಾಂಕಿನಲ್ಲಿ ನಾಲ್ವರಿದ್ದರು. ರೇಡಿಯೋ ನೋಡಿಕೊಳ್ಳುತ್ತಿದ್ದ ನಂದ್ ಸಿಂಗ್ ಕೂಡ ಆ ದಿನವೇ ಸತ್ತರು. ಅರುಣ್ ಕತೆ ಹೇಳುವವರು ಅವರ ಹೆಸರನ್ನು ಹೆಚ್ಚಾಗಿ ಹೇಳುವುದೇ ಇಲ್ಲ. ನನಗೆ ಅದು ಸರಿ ಅನಿಸುವುದಿಲ್ಲ.

ಅದೇ ಡಿಸೆಂಬರ್ 16ರ ಸಂಜೆ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಮಾರನೇ ದಿನ ರಾತ್ರಿ ಪಶ್ಚಿಮದ ಗಡಿಯಲ್ಲೂ ಕದನವಿರಾಮ. ಇನ್ನೊಂದು ದಿನ ಕಳೆದಿದ್ದರೆ ಸಾಕಿತ್ತು. ಯುದ್ಧ ಮುಗಿಯಿತು, ಇನ್ನೇನು ಮಗ ಬರುತ್ತಾನೆ ಅಂತ ಕಾಯುತ್ತಿದ್ದ ಮನೆಗೆ ಟೆಲಿಗ್ರಾಂ ಬಂತು. ಆಮೇಲೆ ಪರಮವೀರ ಚಕ್ರವೂ ಬಂತು. ಅಲ್ಲಿಯವರೆಗೆ ಅದನ್ನು ಪಡೆದವರಲ್ಲಿ ಅವನೇ ಎಲ್ಲರಿಗಿಂತ ಚಿಕ್ಕವನು.

ಇಷ್ಟು ಕತೆ ಎಲ್ಲಿ ಬೇಕಾದರೂ ಸಿಗುತ್ತದೆ. ನನಗೆ ಜಾಸ್ತಿ ಕಾಡುವುದು ಮೂವತ್ತು ವರ್ಷ ಆದಮೇಲೆ ನಡೆದದ್ದು.

ಅವನ ಅಪ್ಪ ಬ್ರಿಗೇಡಿಯರ್ ಎಂ.ಎಲ್. ಖೇತರ್‌ಪಾಲ್. ಅವರೂ ಸೈನಿಕರೇ, ಎಂಜಿನಿಯರ್ಸ್ ವಿಭಾಗದವರು. ಹುಟ್ಟಿದ್ದು ಸರ್ಗೋಧಾದಲ್ಲಿ. ದೇಶ ಒಡೆದಾಗ ಆ ಊರು ಪಾಕಿಸ್ತಾನಕ್ಕೆ ಹೋಯಿತು. ಸಾಯುವ ಮೊದಲು ಹುಟ್ಟಿದ ಊರನ್ನು ಒಮ್ಮೆ ನೋಡಬೇಕು ಅಂತ ಅವರಿಗೆ ಆಸೆ. 2001ರಲ್ಲಿ, 81ನೇ ವಯಸ್ಸಿನಲ್ಲಿ, ಆ ಅವಕಾಶ ಸಿಕ್ಕಿತು. ಲಾಹೋರಿನಲ್ಲಿ ಅವರನ್ನು ಮನೆಗೆ ಕರೆದುಕೊಂಡು ಹೋಗಿ ಉಳಿಸಿಕೊಂಡವರು ಪಾಕಿಸ್ತಾನ ಸೇನೆಯ ನಿವೃತ್ತ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್.

ಮಗ ಗಾಲ್ಫ್ ಆಡುತ್ತೇನೆ ಅಂದಿದ್ದ ಊರಿಗೆ ಅಪ್ಪ ಹೋಗಿ ಇಳಿದರು. ಅಲ್ಲಿ ರೈಲಿನಿಂದಲೋ ಕಾರಿನಿಂದಲೋ ಕೆಳಗೆ ಕಾಲಿಟ್ಟಾಗ ಅವರ ಮನಸ್ಸಿನಲ್ಲಿ ಏನಿತ್ತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮೂರು ದಿನ ಆ ಮನೆಯವರು ಅವರನ್ನು ತುಂಬಾ ಚೆನ್ನಾಗಿ ನೋಡಿಕೊಂಡರು. ಉಪಚಾರ ಎಷ್ಟಿತ್ತು ಅಂದರೆ, ಯಾಕಿಷ್ಟು ಅಂತ ಅವರಿಗೇ ಅನಿಸಿತಂತೆ. ಕೊನೆಯ ರಾತ್ರಿ ನಾಸಿರ್ ಬಾಯಿಬಿಟ್ಟರು. ನಿಮಗೊಂದು ವಿಷಯ ಹೇಳಬೇಕು ಅಂತ ಎಷ್ಟೋ ವರ್ಷದಿಂದ ಕಾಯುತ್ತಿದ್ದೇನೆ ಅಂದರು. 1971ರಲ್ಲಿ ಅವರು 13 ಲ್ಯಾನ್ಸರ್ಸ್ ರೆಜಿಮೆಂಟಿನಲ್ಲಿ ಮೇಜರ್. ಬಸಂತರ್‌ನಲ್ಲಿ ಅರುಣ್ ಎದುರು ನಿಂತ ಟ್ಯಾಂಕು ಅವರದು. ಇಬ್ಬರೂ ಒಂದೇ ಹೊತ್ತಿಗೆ ಗುಂಡು ಹಾರಿಸಿದ್ದರು. ಇವರು ಉಳಿದರು, ಅವನು ಉಳಿಯಲಿಲ್ಲ. ಹೊಡೆದದ್ದು ಯಾರನ್ನು, ಅವನ ವಯಸ್ಸೆಷ್ಟು ಅಂತ ಅವರಿಗೆ ಗೊತ್ತಾದದ್ದು ಆಮೇಲೆ.

ನಾನು ಇಲ್ಲಿಗೆ ಬಂದಾಗಲೆಲ್ಲ ನಿಂತುಬಿಡುತ್ತೇನೆ. ಮೂರು ದಿನ ಅನ್ನ ಹಾಕಿದ ಕೈ ಅದು. ಮಗನ ಮೇಲೆ ಗುಂಡು ಹಾರಿಸಿದ್ದೂ ಅದೇ ಕೈ. ನಾನಾಗಿದ್ದರೆ ಆ ಕೋಣೆಯಿಂದ ಎದ್ದು ಹೋಗುತ್ತಿದ್ದೆ ಅನಿಸುತ್ತದೆ. ಅವರು ಹೋಗಲಿಲ್ಲ. ಮಾರನೇ ದಿನ ಇಬ್ಬರೂ ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ಆ ಫೋಟೋ ಆಮೇಲೆ ಅರುಣ್‌ನ ಅಪ್ಪನಿಗೆ ಬಂದು ತಲುಪಿತು. ಅದರ ಜೊತೆ ನಾಸಿರ್ ಬರೆದ ನಾಲ್ಕು ಸಾಲು. 13 ಲ್ಯಾನ್ಸರ್ಸ್‌ನ ಗೆಲುವು ಸೋಲಿನ ನಡುವೆ ದಾಟಲಾಗದ ಬಂಡೆಯಂತೆ ನಿಂತ ಹುಡುಗನ ತಂದೆಗೆ ಅಂತ ಶುರು. ಕಾಳಗದ ಹೆಸರನ್ನು ಎರಡೂ ರೀತಿ ಬರೆದಿದ್ದಾರೆ: ನಾವು ಬಡಾ ಪಿಂಡ್ ಅನ್ನುತ್ತೇವೆ, ನೀವು ಬಸಂತರ್ ಅನ್ನುತ್ತೀರಿ ಅಂತ. ಅವನ ಹೆಸರಿನ ಹಿಂದೆ 'ಶಹೀದ್' ಅಂತಲೂ ಹಾಕಿದ್ದಾರೆ. ಕೊಂದವರೇ ಬರೆದ ಮಾತು ಅದು.

ನಮ್ಮ ಮಗ ಹೇಗೆ ಸತ್ತ ಅಂತ ಪೂರ್ತಿ ಗೊತ್ತಿರುವುದು ಕೆಲವು ಸಲ ಎದುರಾಳಿಗೆ ಮಾತ್ರ. ಕೊಡಗಿನ ಅಜ್ಜಮಾಡ ದೇವಯ್ಯನವರ ವಿಷಯದಲ್ಲೂ ಹೀಗೇ ಆಯಿತು. ವಾಯುಸೇನೆಯ ಸ್ಕ್ವಾಡ್ರನ್ ಲೀಡರ್, ವಯಸ್ಸು 32. ಪಾಕಿಸ್ತಾನದ ಜೊತೆಗಿನ ಹಿಂದಿನ ಯುದ್ಧದಲ್ಲಿ, 1965ರ ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರದಿಂದ ಮಿಸ್ಟೀರ್ ವಿಮಾನಗಳು ದಾಳಿಗೆ ಹೊರಟಾಗ ಇವರು ಮೀಸಲು ಪೈಲಟ್. ಯಾರಾದರೂ ಹಿಂದೆ ಉಳಿದರೆ ಮಾತ್ರ ಹೋಗಬೇಕಿತ್ತು. ಹೋದರು, ವಾಪಸ್ ಬರಲಿಲ್ಲ. ಏನಾಯಿತು ಅಂತ ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಎಷ್ಟೋ ವರ್ಷದ ಮೇಲೆ, ಪಾಕಿಸ್ತಾನದ ವಾಯುಸೇನೆಯ ಬಗ್ಗೆ ಇಂಗ್ಲಿಷ್ ಲೇಖಕರೊಬ್ಬರು ಬರೆದದ್ದರಿಂದ ಸಂಗತಿ ಹೊರಗೆ ಬಂತು. ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನದ ಜೊತೆ ಸೆಣಸಿ ದೇವಯ್ಯ ಅದನ್ನು ಕೆಡವಿದ್ದರು. ಅದರ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದ. 1988ರಲ್ಲಿ, 23 ವರ್ಷದ ನಂತರ, ಅವರಿಗೆ ಮಹಾವೀರ ಚಕ್ರ ಬಂತು. ಅವರು ದಾಳಿಗೆ ಹೋಗಿದ್ದ ಊರು ಯಾವುದು ಗೊತ್ತಾ? ಸರ್ಗೋಧಾ. ಅರುಣ್‌ನ ಅಪ್ಪ ಹುಟ್ಟಿದ ಅದೇ ಊರು.

ಮಡಿಕೇರಿಯ ಬಸ್ ನಿಲ್ದಾಣದ ಬಳಿ ದೇವಯ್ಯನವರ ಪ್ರತಿಮೆ ಇದೆ. ಹೋದ ರಜೆಯಲ್ಲಿ ಮಗನ ಜೊತೆ ಅಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಇದು ಯಾರಮ್ಮಾ ಅಂತ ಕೇಳಿದ. ದೇವಯ್ಯನವರ ಕತೆ ಹೇಳಿದೆ. ಅದರ ಬೆನ್ನಿಗೇ ಅರುಣ್ ಕತೆಯನ್ನೂ, ಲಾಹೋರಿನ ಮನೆಯದನ್ನೂ ಹೇಳಿದೆ.

"ಕೊಂದವರ ಮನೆಯಲ್ಲಿ ಅವರಪ್ಪ ಊಟ ಮಾಡಿದರಾ?" ಅಂದ.

"ಮಾಡಿದರು. ಆಗ ಗೊತ್ತಿರಲಿಲ್ಲ."

"ಗೊತ್ತಾದ ಮೇಲೆ?"

"ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು."

ಬಸ್ ಬಂತು. ಸೀಟು ಹಿಡಿದು ಕೂತ ಮೇಲೆ ನೋಡುತ್ತೇನೆ, ಅವನು ಫೋನಿನಲ್ಲಿ ಆ ಫೋಟೋ ಹುಡುಕುತ್ತಿದ್ದ.